ಟೋಲ್ಟ್: ಸವಾರ ಕುಲುಕದ ಓಟ

ಕುದುರೆ ಸವಾರಿ ಕಲಿಯಲು ಹೋದವರನ್ನು ಮೊದಲು ಸುಸ್ತು ಮಾಡುವುದು ಕುಕ್ಕುಲೋಟ. ತರಬೇತುದಾರರು ಟ್ರಾಟ್ ಎನ್ನುವ ಈ ಓಟದಲ್ಲಿ ಕುದುರೆ ಮುಂದಿನ ಎಡಗಾಲು, ಹಿಂದಿನ ಬಲಗಾಲು ಎರಡನ್ನೂ ಒಟ್ಟಿಗೆ ಊರುತ್ತದೆ. ಆಮೇಲೆ ಉಳಿದ ಜೋಡಿಯ ಸರದಿ. ಜೋಡಿ ಬದಲಾಗುವ ನಡುವೆ ಕ್ಷಣಕಾಲ ನಾಲ್ಕೂ ಗೊರಸು ನೆಲ ಬಿಟ್ಟಿರುತ್ತವೆ. ಮೇಲೆದ್ದ ಮೈ ಕೆಳಗಿಳಿಯಲೇಬೇಕಲ್ಲ, ಇಳಿದಾಗಿನ ಏಟು ನೇರ ಸವಾರನ ಬೆನ್ನಿಗೆ. ರಿಕಾಬಿನ ಮೇಲೆ ತಾಳಕ್ಕೆ ಸರಿಯಾಗಿ ಎದ್ದು ಕೂರುವ ಕಸರತ್ತನ್ನು ಕಲಿಸುವುದು ಈ ಏಟನ್ನು ತಪ್ಪಿಸಲಿಕ್ಕೆ.

ಐಸ್‌ಲ್ಯಾಂಡಿನ ಕುದುರೆಗೂ ಕುಕ್ಕುಲೋಟ ಬರುತ್ತದೆ. ಆದರೆ ಅದಕ್ಕೆ ಹುಟ್ಟಿನಿಂದಲೇ ಇನ್ನೊಂದು ನಡೆ ಒಲಿದಿದೆ. ಅದರ ಹೆಸರು ಟೋಲ್ಟ್. ಕಾಲೂರುವ ಕ್ರಮ ಮಾಮೂಲಿ ನಡಿಗೆಯದೇ: ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ. ಕ್ರಮ ಹಾಗೇ ಇದ್ದು ವೇಗ ಮಾತ್ರ ಏರುತ್ತಾ ಹೋಗುತ್ತದೆ. ಎಷ್ಟೇ ಜೋರಾಗಿ ಓಡಲಿ, ಒಂದು ಕಾಲಾದರೂ ನೆಲದ ಮೇಲೆ ಇದ್ದೇ ಇರುತ್ತದೆ. ಮೈ ಗಾಳಿಗೆ ಏಳುವುದೇ ಇಲ್ಲವಾದ್ದರಿಂದ ಬೀಳುವ ಪ್ರಶ್ನೆಯೂ ಇಲ್ಲ. ಮುಂಗಾಲುಗಳು ಎತ್ತರಕ್ಕೆ ಏಳುತ್ತವೆ, ಕತ್ತು ನೆಟ್ಟಗಾಗುತ್ತದೆ, ಬಾಲ ಅಲೆಯಾಡುತ್ತದೆ. ಗಟ್ಟಿ ನೆಲದ ಮೇಲೆ ಅದರ ಸದ್ದು ಸಮನಾದ ತಕಧಿಮಿ, ತಕಧಿಮಿ. ಪ್ರದರ್ಶನಗಳಲ್ಲಿ ಸವಾರರು ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ತುಂಬಿದ ಬಿಯರ್ ಮಗ್ ಹಿಡಿದು ಸುತ್ತು ಹಾಕುವುದುಂಟು. ಚೆಲ್ಲದೆ ಉಳಿಸಿದವರಿಗೆ ಚಪ್ಪಾಳೆ. ಇದು ತಮಾಷೆಯ ಆಟ ನಿಜ, ಆದರೆ ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ಹೊಳೆಯುವುದಿಲ್ಲ.

ನಡಿಗೆ, ಕುಕ್ಕುಲೋಟ, ನಾಗಾಲೋಟ, ಟೋಲ್ಟ್ ಅಲ್ಲದೆ ಈ ತಳಿಯ ಕೆಲವು ಕುದುರೆಗಳಿಗೆ ಐದನೆಯ ನಡೆಯೂ ಇದೆ. ಒಂದೇ ಪಕ್ಕದ ಎರಡೂ ಕಾಲುಗಳನ್ನು ಒಟ್ಟಿಗೆ ಎಸೆದು ಓಡುವ ಪೇಸ್. ಅದು ದೂರದ ದಾರಿಗೆ ಹೇಳಿದ್ದಲ್ಲ, ನೂರಿನ್ನೂರು ಮೀಟರಿನ ಪಂದ್ಯಕ್ಕೆ ಸೈ. (ನಮ್ಮ ಅಮರಕೋಶವೂ ಕುದುರೆಗೆ ಐದು ಧಾರೆಗಳನ್ನೇ, ಅಂದರೆ ನಡೆಗಳನ್ನೇ, ಹೇಳುತ್ತದೆ. ಎರಡೂ ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು.)

ಟೋಲ್ಟ್ ಕಲಿಸಿ ಬಂದ ವಿದ್ಯೆಯಲ್ಲ ಎಂಬುದಕ್ಕೆ 2012ರಲ್ಲಿ ಪುರಾವೆ ಸಿಕ್ಕಿತು. ಸ್ವೀಡನ್ನಿನ ಉಪ್ಸಾಲದ ಲೇಫ್ ಆಂಡರ್ಸನ್ ಮತ್ತು ಸಂಗಡಿಗರು ಡಿಎಂಆರ್‌ಟಿ3 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಡಿಎನ್ಎ ಅಕ್ಷರ ಬದಲಾಗಿರುವುದನ್ನು ಗುರುತಿಸಿದರು. ಎಡಗಾಲು ಬಲಗಾಲು, ಮುಂಗಾಲು ಹಿಂಗಾಲುಗಳ ಹೊಂದಾಣಿಕೆ ನೋಡಿಕೊಳ್ಳುವ ಬೆನ್ನುಹುರಿಯ ನರಕೋಶಗಳಲ್ಲಿ ಈ ವಂಶವಾಹಿ ಕೆಲಸ ಮಾಡುತ್ತದೆ. ಆ ಬದಲಾವಣೆಯಿಂದ ಅದು ತಯಾರಿಸುವ ಪ್ರೋಟೀನ್ ಮೊಟಕಾಗುತ್ತದೆ. ಕುದುರೆಯ ಕಾಲುಗಳಿಗೆ ಹೊಸ ಹೆಜ್ಜೆಗಾರಿಕೆ ಸಾಧ್ಯವಾಗುತ್ತದೆ. ಪೆರುವಿನ ಪಾಸೊ, ಅಮೆರಿಕದ ಟೆನೆಸೀ ವಾಕಿಂಗ್ ಹಾರ್ಸ್ ಮುಂತಾದ ನಯನಡೆಯ ತಳಿಗಳಲ್ಲೂ ಇದೇ ಬದಲಾವಣೆ ಇದೆ. ಹಳೆಯ ಮೂಳೆಗಳ ಡಿಎನ್ಎ ನೋಡಿದವರಿಗೆ ಇದು ಮೊದಲು ಕಂಡದ್ದು 9ನೆಯ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿಂದ ವೈಕಿಂಗರ ಹಡಗು ಹತ್ತಿ ಐಸ್‌ಲ್ಯಾಂಡಿಗೆ ಹೋಗಿರಬೇಕು ಎಂಬುದು ಅವರ ತರ್ಕ.

ಆ ದ್ವೀಪದಲ್ಲಿ ಗಾಡಿ ಹೋಗುವ ರಸ್ತೆಗಳೇ ಬಹುಕಾಲ ಇರಲಿಲ್ಲ. ಜನ, ಹುಲ್ಲು, ಮೀನು, ಅಂಚೆ, ಎಲ್ಲವೂ ಕುದುರೆ ಬೆನ್ನ ಮೇಲೆಯೇ. ದಿನವಿಡೀ ಜೀನಿನ ಮೇಲೆ ಕೂರುವವನಿಗೆ ಕುಲುಕದ ಕುದುರೆ ಶೋಕಿಯ ವಸ್ತುವಲ್ಲ. ಹಾಗಾಗಿ ಅಂಥವನ್ನೇ ಆರಿಸಿ ಸಾಕುತ್ತಾ ಬಂದರು. ಎತ್ತರ ಸಾಮಾನ್ಯವಾಗಿ 13ರಿಂದ 14 ಗೇಣು, ಅಂದರೆ ಕುದುರೆಯವರ ಲೆಕ್ಕದ ನಾಲ್ಕಿಂಚಿನ ಗೇಣು. ತೂಕ 330ರಿಂದ 380 ಕಿಲೋ. ನೋಡಲು ಕುಳ್ಳು, ಆದರೂ ದೊಡ್ಡವರನ್ನೇ ಹೊರುತ್ತದೆ. ಚಳಿಗಾಲಕ್ಕೆ ದಟ್ಟವಾದ ಕೂದಲಿನ ಹೊದಿಕೆ ಬೆಳೆಸಿಕೊಳ್ಳುತ್ತದೆ. ಬೆಳವಣಿಗೆ ನಿಧಾನ, ಆದ್ದರಿಂದ ನಾಲ್ಕೈದು ವರ್ಷ ತುಂಬುವವರೆಗೆ ಬೆನ್ನಿಗೆ ಜೀನು ಹಾಕುವುದಿಲ್ಲ. ಇಪ್ಪತ್ತು ದಾಟಿದ ಮೇಲೂ ಸವಾರಿಗೆ ಒದಗುವ ಕುದುರೆಗಳಿವೆ.

ಈಗಲೂ ಸೆಪ್ಟೆಂಬರ್ ಬಂತೆಂದರೆ ರೈತರು ಬೆಟ್ಟದಲ್ಲಿ ಬೇಸಿಗೆ ಕಳೆದ ಕುರಿಗಳನ್ನು ಕುದುರೆ ಏರಿಯೇ ಹಟ್ಟಿಗೆ ಹೊಡೆದು ತರುತ್ತಾರೆ. ಲಾವಾ ಕಲ್ಲು, ಜೌಗು, ಹೊಳೆ ಇರುವಲ್ಲಿ ಜೀಪು ಕೈಕೊಡುತ್ತದೆ. ಉಳಿದಂತೆ ಪ್ರವಾಸಿಗರ ಸವಾರಿ, 1950ರಿಂದ ನಡೆಯುತ್ತಿರುವ ಲಾಂಡ್ಸ್‌ಮೋಟ್ ಎಂಬ ರಾಷ್ಟ್ರೀಯ ಕುದುರೆ ಮೇಳ, ಸ್ಪರ್ಧೆಗಳು. ಅಲ್ಲಿಯವರು ಕುದುರೆ ಮಾಂಸವನ್ನೂ ತಿನ್ನುತ್ತಾರೆ. ಗಬ್ಬದ ಹೆಣ್ಣು ಕುದುರೆಗಳ ರಕ್ತದಿಂದ ಹಂದಿ ಸಾಕಣೆಗೆ ಬೇಕಾದ ಹಾರ್ಮೋನ್ ತೆಗೆಯುವ ದಂಧೆಯೂ ಇದೆ. ಅದರ ಕ್ರೌರ್ಯದ ಬಗ್ಗೆ ಪ್ರಾಣಿದಯಾ ಸಂಘಟನೆಗಳ ತಕರಾರು ಸುಮ್ಮನೆ ಎದ್ದದ್ದಲ್ಲ.

ಬದಲಾದ ವಂಶವಾಹಿ ಇದ್ದ ಮಾತ್ರಕ್ಕೆ ಪ್ರತಿ ಕುದುರೆಯೂ ಹದವಾಗಿ ಟೋಲ್ಟ್ ಓಡುತ್ತದೆಂದಲ್ಲ. ಮರಿ ಬಯಲಲ್ಲಿ ತಾನಾಗಿ ಓಡಿದ್ದನ್ನು ಸವಾರನ ಭಾರ ಹೊತ್ತು ಓಡಬೇಕಾದರೆ ಬೆನ್ನು, ಹಿಂಗಾಲು ಬಲಿಯಬೇಕು, ಅದಕ್ಕೆ ತಿಂಗಳುಗಟ್ಟಲೆ ಪಳಗಿಸಬೇಕು. ಬಿಗುವಾದ ಬೆನ್ನು, ಒರಟು ಕೈ ಸೇರಿದರೆ ನಾಲ್ಕು ಪೆಟ್ಟು ಕರಗಿ ಎರಡಾಗುತ್ತದೆ, ಪೇಸಿನ ಕಡೆಗೆ ವಾಲುತ್ತದೆ, ಕುಲುಕಾಟ ಶುರು. ಕುದುರೆ ಕೊಳ್ಳುವವರು ಕಣ್ಣು ಮುಚ್ಚಿ ಸದ್ದು ಕೇಳುವುದು ಒಳ್ಳೆಯದು: ನಾಲ್ಕು ಪೆಟ್ಟಿನ ನಡುವಿನ ಅಂತರ ಸಮನಾಗಿದೆಯೇ, ಎರಡೆರಡು ಅಂಟಿಕೊಂಡಿವೆಯೇ? ನಯ ನಡೆಯ ಕುದುರೆ ನೋಡಲು ಅಷ್ಟು ದೂರವೇ ಹೋಗಬೇಕೆಂದೇನೂ ಇಲ್ಲ. ರಾಜಸ್ಥಾನದ ಮಾರ್ವಾಡಿ, ಗುಜರಾತಿನ ಕಾಠಿಯಾವಾಡಿ ಕುದುರೆಗಳ ರೇವಾಲ್ ನಡೆಯೂ ಇಂಥದ್ದೇ ಸುಖಕ್ಕೆ ಹೆಸರಾದದ್ದು.

ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರು ಐಸ್‌ಲ್ಯಾಂಡಿಗೆ ಹೋಗಿ ಸವಾರಿ ಮಾಡುವುದಾದರೆ ಒಂದು ಎಚ್ಚರ. ಬಳಸಿದ ಜೀನು, ಕಡಿವಾಣ, ಚರ್ಮದ ಕೈಗವಸುಗಳನ್ನು ಒಯ್ಯುವಂತಿಲ್ಲ. ಶತಮಾನಗಳಿಂದ ಹೊರಗಿನ ಕುದುರೆ ಬಾರದ ಆ ನಾಡಿನ ಕುದುರೆಗಳಿಗೆ ಹೊರಗಿನ ರೋಗಗಳನ್ನು ತಡೆಯುವ ಶಕ್ತಿ ಕಡಿಮೆ. 2010ರಲ್ಲಿ ಕೆಮ್ಮಿನ ಸೋಂಕು ದೇಶವಿಡೀ ಹಬ್ಬಿ ಲಾಂಡ್ಸ್‌ಮೋಟ್ ಮುಂದಕ್ಕೆ ಹೋಯಿತು. ಅಲ್ಲಿಂದ ಕೊಂಡು ತರುವವರಿಗೂ ಒಂದು ತೊಡಕಿದೆ: ತವರಿನಲ್ಲಿ ಕಾಣದ ಜಾತಿಯ ಕಚ್ಚುವ ನುಸಿಗಳು ಹೊರಗೆ ಮುತ್ತಿದಾಗ ಬಹಳ ಕುದುರೆಗಳಿಗೆ ಬೇಸಿಗೆಯ ತುರಿಕಜ್ಜಿ ಹತ್ತುತ್ತದೆ. ಒಮ್ಮೆ ದ್ವೀಪ ಬಿಟ್ಟ ಕುದುರೆಯನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ವಿಶ್ವ ಸ್ಪರ್ಧೆಗೆಂದು ಯುರೋಪಿಗೆ ಹೋದ ಐಸ್‌ಲ್ಯಾಂಡಿನ ಸವಾರರು ಗೆದ್ದರೂ ಸೋತರೂ ಕುದುರೆಯನ್ನು ಹೊರಗೇ ಬಿಟ್ಟು ಮನೆಗೆ ಮರಳುತ್ತಾರೆ.