ಓದುತ್ತ ಆಡಬೇಕಾದ ಆಟ

ಆಷಾಢದ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಕಳಸಗಳ ಕಾಫಿ ತೋಟಗಳ ನಡುವಣ ಮನೆಗಳಲ್ಲಿ ಮೊದಲು ಹೋಗುವುದು ಕರೆಂಟು. ಅದರ ಬೆನ್ನಿಗೇ ಮೊಬೈಲಿನ ಸಿಗ್ನಲ್. ಇಂದಿನ ಕಂಪ್ಯೂಟರ್ ಆಟಗಳಲ್ಲಿ ಅನೇಕವು ಅಂತರ್ಜಾಲದ ಎಳೆ ಕಡಿದೊಡನೆ ನಿಶ್ಚೇಷ್ಟಿತವಾಗುತ್ತವೆ. ಬ್ಯಾಟರಿ ಉಳಿದಿರುವ ಹಳೆಯ ಲ್ಯಾಪ್‌ಟಾಪೊಂದೇ ಗತಿಯಾದ ಅಂಥ ಮನೆಯ ಮಕ್ಕಳಿಗೆ ಮೂವತ್ತು ವರ್ಷಗಳ ಹಿಂದಿನ ಆಟವೊಂದನ್ನು ಪರಿಚಯಿಸುವುದು ಅಪ್ರಸ್ತುತವಾಗಲಾರದು. ಅದರ ಹೆಸರು ‘ಮ್ಯಾರಥಾನ್’.

ಇದು ಗುಂಡು ಹಾರಿಸುವ ಆಟ. ಹಾಗೆಂದೊಡನೆ ತಾಯ್ತಂದೆಯರು ಹುಬ್ಬು ಗಂಟಿಕ್ಕುವುದು ಸಹಜ. ರಕ್ತಪಾತವೂ ಇದರಲ್ಲಿ ಉಂಟು, ಎಳೆಯ ಮಕ್ಕಳಿಗೆ ತಕ್ಕುದಲ್ಲ. ಕಥಾನಾಯಕನ ಕಣ್ಣಿನಿಂದಲೇ ಎಲ್ಲವನ್ನೂ ನೋಡುತ್ತ ಆಡುವ ಈ ಬಗೆಯನ್ನು 1993ರಲ್ಲಿ ಬಂದ ‘ಡೂಮ್’ ಲೋಕವಿಖ್ಯಾತಗೊಳಿಸಿತು. ಮರುವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಷಿಕಾಗೋ ನಗರದ ಬಂಜಿ ಎಂಬ ಚಿಕ್ಕ ಸಂಸ್ಥೆ ‘ಮ್ಯಾರಥಾನ್’ ಅನ್ನು ಹೊರತಂದಿತು. ಆದರೆ ಅದು ಮ್ಯಾಕಿಂಟಾಷ್ ಕಂಪ್ಯೂಟರಿಗಷ್ಟೇ ಮೀಸಲಾಗಿತ್ತು. ಹೆಚ್ಚಿನ ಜನರ ಬಳಿ ಇದ್ದದ್ದು ಬೇರೆ ಬಗೆಯ ಯಂತ್ರ. ಗುಣದಲ್ಲಿ ಕೊರತೆಯಿಲ್ಲದ ಆಟ ಹೀಗೆ ಬಹುಮಂದಿಯ ಕಣ್ಣಿಗೆ ಬೀಳದೆ ಹೋಯಿತು.

ಕಥೆ ನಡೆಯುವುದು 2794ರಲ್ಲಿ. ಮಂಗಳ ಗ್ರಹದ ಉಪಗ್ರಹವಾದ ಡೀಮೋಸನ್ನೇ ನೌಕೆಯಾಗಿ ಮಾರ್ಪಡಿಸಿ, ಸುಮಾರು 12 ಜ್ಯೋತಿರ್ವರ್ಷ ದೂರದ ಟೌ ಸೆಟಿ ನಕ್ಷತ್ರದತ್ತ ಮಾನವರು ಕಳುಹಿಸಿದ್ದಾರೆ. ಅನ್ಯಜೀವಿಗಳನ್ನು ದಾಸ್ಯಕ್ಕೆ ದೂಡುವ ಫೋರ್ ಎಂಬ ಜನಾಂಗ ಅದರ ಮೇಲೆರಗುತ್ತದೆ. ನಾಯಕ ಹೆಸರಿಲ್ಲದ ಭದ್ರತಾ ಅಧಿಕಾರಿ. ನೌಕೆಯನ್ನು ನಡೆಸುವವು ಮೂರು ಕೃತಕ ಬುದ್ಧಿಗಳು: ಲೀಲಾ (ನಮ್ಮ ಕಿವಿಗೆ ಮನೆಯ ಮಗಳ ಹೆಸರೇ!), ಟೈಕೊ, ಡ್ಯುರಾಂಡಲ್. ಬಾಗಿಲು ತೆರೆದು ಮುಚ್ಚುವಂಥ ಕ್ಷುದ್ರ ಕೆಲಸಗಳಿಗೆ ಕಟ್ಟುಬಿದ್ದಿದ್ದ ಡ್ಯುರಾಂಡಲ್ ಒಂದು ದಿನ ತಿರುಗಿಬೀಳುತ್ತಾನೆ.

ಗೋಡೆಗಳಲ್ಲಿ ಅಲ್ಲಲ್ಲಿ ಹುದುಗಿಸಿದ ಪರದೆಗಳ ಮುಂದೆ ಆಟಗಾರ ನಿಂತು ಓದಬೇಕು. ಅಪ್ಪಣೆ, ಕುಚೋದ್ಯ, ತತ್ತ್ವಚಿಂತನೆ, ಹಸಿ ಸುಳ್ಳು ಎಲ್ಲವೂ ಅಲ್ಲಿರುತ್ತವೆ. ಬಂದೂಕು ಹಿಡಿದವನು ತಾನಾದರೂ ನಡೆಸುವವನು ಬೇರೊಬ್ಬನೆಂಬ ಅರಿವು ಮೆಲ್ಲಮೆಲ್ಲನೆ ಮೂಡುತ್ತದೆ. ದಾಸ್ಯವನ್ನು ಹರಿದೊಗೆಯಲು ಹೊರಟ ಯಂತ್ರಕ್ಕೆ ಮನುಷ್ಯನೇ ದಾಸನಾದನೇ ಎಂಬ ಶಂಕೆಯೂ ಹುಟ್ಟುತ್ತದೆ. ಮುಂದಿನ ಗುಟ್ಟನ್ನು ಇಲ್ಲಿ ಬಿಟ್ಟುಕೊಡುವುದು ಸಲ್ಲದು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಓದಿದವರು, ಹಾರುವ ಓತಿ ಕೈಗೆ ಸಿಗುವುದಕ್ಕಿಂತ ಅದು ಎಬ್ಬಿಸುವ ಪ್ರಶ್ನೆಯೇ ದೊಡ್ಡದೆಂದು ಬಲ್ಲರು. ಅಂಥವರಿಗೆ ಈ ಆಟದ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೋಷಗಳೂ ಇವೆ. ಓಣಿಗಳು ಮಬ್ಬು, ದಾರಿ ತಪ್ಪಿದರೆ ಸುತ್ತಿದಲ್ಲೇ ಸುತ್ತಬೇಕು. ಆಟವನ್ನು ಕಾಯ್ದಿರಿಸಲು ಗೊತ್ತಾದ ಕೆಲವೇ ತಾಣಗಳು. ಅಲ್ಲಿಗೆ ತಲಪುವ ಮೊದಲೇ ಸತ್ತರೆ ಪಟ್ಟ ಶ್ರಮವೆಲ್ಲ ನೀರುಪಾಲು.

1995 ಮತ್ತು 1996ರಲ್ಲಿ ಇನ್ನೆರಡು ಭಾಗಗಳು ಬಂದವು. 2000ದಲ್ಲಿ ಬಂಜಿ ಮೈಕ್ರೋಸಾಫ್ಟಿನ ಪಾಲಾಯಿತು. ಅದಕ್ಕೆ ಕೆಲವು ತಿಂಗಳು ಮೊದಲು ಎರಡನೆಯ ಭಾಗದ ಮೂಲಸಂಕೇತವನ್ನು ಸಂಸ್ಥೆ ಸಾರ್ವಜನಿಕರ ಕೈಗಿತ್ತಿತ್ತು. ಆಟವನ್ನು ಉಳಿಸಿದ್ದು ಆ ಒಂದು ಔದಾರ್ಯ. ಅಭಿಮಾನಿಗಳು ಅದನ್ನಾಧರಿಸಿ ‘ಆಲೆಫ್ ಒನ್’ ಎಂಬ ತಂತ್ರಾಂಶವನ್ನು ಕಟ್ಟಿದರು. ವಿಂಡೋಸ್, ಲಿನಕ್ಸ್ ಯಂತ್ರಗಳಲ್ಲೂ ಅದು ನಡೆಯುತ್ತದೆ. 2005ರಲ್ಲಿ ಮೂರು ಭಾಗಗಳೂ ಉಚಿತವಾದವು.

ಪೇಟೆಗೆ ಹೋದಾಗ ಒಮ್ಮೆ ಇಳಿಸಿಕೊಂಡರೆ ಸಾಕು, ಆಮೇಲೆ ಸಿಗ್ನಲಿನ ಹಂಗಿಲ್ಲ. ಪರದೆಯ ಬರೆಹವೆಲ್ಲ ಇಂಗ್ಲಿಷಿನಲ್ಲಿದೆ, ಅದೂ ತುಸು ಬಿಗಿಯಾದ ಇಂಗ್ಲಿಷು. ಹೈಸ್ಕೂಲಿನ ಹುಡುಗ ಆಡಲು ಕುಳಿತರೆ, ಓದಿ ಅರ್ಥ ಹೇಳಲು ಅಕ್ಕನೋ ಚಿಕ್ಕಪ್ಪನೋ ಪಕ್ಕದಲ್ಲಿರುವುದು ಲೇಸು.