ತೂಗುವ ಎಳೆಗಳು: ಜೋಯಿಡಾದಿಂದ ಮುಂಡಗೋಡಕ್ಕೆ

ದಾಂಡೇಲಿಯ ಹೊರಗೆ, ಕಾಳಿ ನದಿಯ ದಂಡೆಯ ಪೊದೆಯೊಂದರ ಕೊಂಬೆತುದಿಯಲ್ಲಿ ಸೂರಕ್ಕಿಯ ಗೂಡು ಜೋತುಬಿದ್ದಿದೆ. ಮೊದಲ ನೋಟಕ್ಕೆ ಗಾಳಿಗೆ ಹಾರಿಬಂದು ಸಿಕ್ಕಿಕೊಂಡ ಕಸ ಅನಿಸುತ್ತದೆ. ಹತ್ತಿರದಿಂದ ನೋಡಿದರೆ ತೊಗಟೆಯ ಚೂರು, ಒಣಹುಲ್ಲು, ಕಂಬಳಿಹುಳುವಿನ ಹಿಕ್ಕೆ. ಅಷ್ಟನ್ನೂ ಹೊಲಿದು ಕೊಂಬೆಗೆ ಬಿಗಿದಿರುವುದು ಜೇಡನ ಎಳೆ. ಹೆಣ್ಣುಹಕ್ಕಿ ಹಾರಿಬಂದು ಬಾಯಿಗೆ ಕಚ್ಚಿಕೊಂಡಿತೆಂದರೆ ಗೂಡು ಕೊಂಚ ಕೆಳಕ್ಕೆ ಜಗ್ಗುತ್ತದೆ, ಒಂದೆರಡು ಸಲ ತೂಗುತ್ತದೆ, ನಿಂತುಬಿಡುತ್ತದೆ. ಗಡಿಯಾರದ ಲೋಲಕ ಇಷ್ಟು ಬೇಗ ನಿಂತರೆ ರಿಪೇರಿಗೆ ಕೊಡಬೇಕಾದೀತು. ಮೊಟ್ಟೆಮರಿ ಇರುವ ಗೂಡಿಗೆ ಬೇಗ ನಿಲ್ಲುವುದೇ ಕ್ಷೇಮ.

ಲೋಲಕವನ್ನು ಎಳೆಗೆ ತೂಗುಬಿಡುವುದು ಹಳೆಯ ಪದ್ಧತಿ. 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ದಾರವನ್ನೇ ನೆಚ್ಚಿದ್ದ. ಫ್ರಾನ್ಸಿನ ಮೇಜು ಗಡಿಯಾರಗಳಲ್ಲಂತೂ 19ನೇ ಶತಮಾನದಲ್ಲೂ ರೇಷ್ಮೆ ಎಳೆ ಇತ್ತು. ಎಳೆಯ ಒಂದು ತುದಿ ಪುಟ್ಟ ಕಡ್ಡಿಗೆ ಸುತ್ತಿರುತ್ತದೆ. ಕಡ್ಡಿ ತಿರುಗಿಸಿ ಎಳೆ ಮೇಲೆಳೆದರೆ ಗಡಿಯಾರ ಚುರುಕಾಗುತ್ತದೆ, ಸಡಿಲಬಿಟ್ಟರೆ ನಿಧಾನಿಸುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ತೂಗುವ ಲೋಲಕದ ಉದ್ದ ಸುಮಾರು 99 ಸೆಂ.ಮೀ. ಅದು ಒಂದೇ ಒಂದು ಮಿ.ಮೀ. ಹಿಗ್ಗಿದರೂ ದಿನಕ್ಕೆ ಸುಮಾರು 44 ಸೆಕೆಂಡು ಹಿಂದೆ ಬೀಳುತ್ತದೆ. 25 ಸೆಂ.ಮೀ. ಲೋಲಕವಾದರೆ ಅದೇ ಒಂದು ಮಿ.ಮೀ.ಗೆ ಹೆಚ್ಚುಕಡಿಮೆ ಮೂರು ನಿಮಿಷ ಹೋಯಿತು. ಗುಂಡಿನ ಭಾರ ಹೊರುವಷ್ಟು ಗಟ್ಟಿ ಎಳೆ ಎಲ್ಲಿ ಬೇಕಾದರೂ ಸಿಗುತ್ತದೆ. ಮಳೆಗಾಲಕ್ಕೂ ಬೇಸಿಗೆಗೂ ಒಂದೇ ಉದ್ದ ಉಳಿಸಿಕೊಳ್ಳುವ ಎಳೆ ಸಿಗುವುದು ಕಷ್ಟ.

ಅಂಥ ಎಳೆ ಹುಡುಕಲು ಈ ಸೀಮೆ ತಕ್ಕ ಜಾಗ. ಪಡುವಣದ ಜೋಯಿಡಾ ಘಟ್ಟದ ಮಳೆಗೆ ಮೈಯೊಡ್ಡಿದ ದಟ್ಟ ಕಾಡು. ದಾಂಡೇಲಿಗೆ ಬಂದರೆ ಮತ್ತಿ, ಸಾಗುವಾನಿ, ಬಿದಿರು. ಹಳಿಯಾಳ, ಮುಂಡಗೋಡದತ್ತ ಮಳೆ ಇಳಿಯುತ್ತ ಹೋಗಿ ಗದ್ದೆ, ಕೆರೆ, ಕಬ್ಬಿನ ಹೊಲ ತೆರೆದುಕೊಳ್ಳುತ್ತವೆ.

ಜೋಯಿಡಾದ ಕಾಲುದಾರಿಗಳಲ್ಲಿ ಮಳೆ ಹೊಳವಾದ ಮೇಲೆ ನೆಫಿಲಾ ಜೇಡನ ಬಲೆ ಮುಖಕ್ಕೇ ಅಡ್ಡ ಬರುತ್ತದೆ. ಹೆಣ್ಣು ಕಾಲು ಚಾಚಿದರೆ ಅಂಗೈ ತುಂಬುವಷ್ಟು. ಗಂಡು ಅದರ ಪಕ್ಕದಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು. ಬಿಸಿಲು ಬಿದ್ದಾಗ ಎಳೆ ಹೊಂಬಣ್ಣ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ತುಂಡಾಗದೆ, ತಾನು ಕಟ್ಟಿಕೊಂಡ ಕಡ್ಡಿಯನ್ನೇ ಎಳೆಯುತ್ತದೆ. ಇಷ್ಟು ಬಲವಿದ್ದರೂ ಗಡಿಯಾರಕ್ಕೆ ಬಾರದು. ಬಲೆಯ ಚೌಕಟ್ಟಿನ ಎಳೆ ನೆನೆದರೆ ಕುಗ್ಗುವ ಜಾತಿಯದು. ಎರಡೂ ತುದಿ ಕಟ್ಟಿದ್ದರೆ ಕುಗ್ಗಲಾಗದೆ ಬಿಗಿಯಾಗುತ್ತದೆ. ಇಬ್ಬನಿಯ ಭಾರಕ್ಕೆ ಬಲೆ ಜೋತುಬೀಳದಿರಲು ಇದೂ ಒಂದು ಕಾರಣ.

ಜೇಡನ ಎಳೆಗೆ ಇನ್ನೊಂದು ಗುಣವುಂಟು. ಹತ್ತಿಯ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಹುರಿ ಬಿಚ್ಚುತ್ತ ಒಂದು ಕಡೆ, ಮತ್ತೆ ಸುತ್ತುತ್ತ ಇನ್ನೊಂದು ಕಡೆ ಗಿರಗಿರ ತಿರುಗುತ್ತದೆ. ಕೊಂಬೆಯಿಂದ ಇಳಿಯುವ ಜೇಡ ಹಾಗೆ ಬುಗುರಿಯಾಡುವುದು ಕಾಣುವುದಿಲ್ಲ. ಫ್ರಾನ್ಸಿನ ಓಲಿವಿಯೆ ಎಮಿಲ್ ಮತ್ತು ಸಂಗಡಿಗರು ಇದನ್ನು ಅಳೆದು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು: ತಿರುಚಿದ ಜೇಡನ ಎಳೆ ಹೆಚ್ಚು ಓಲಾಡದೆ ತನ್ನ ಮೊದಲಿನ ಸ್ಥಿತಿಗೆ ಬರುತ್ತದೆ. ಚಲನೆಯನ್ನು ನುಂಗಿಕೊಳ್ಳುವ ಗುಣ ಬೇಟೆಗಾರನಿಗೆ ವರ. ಲೋಲಕಕ್ಕೆ ಆಗಬೇಕಾದ್ದು ಚಲನೆಯನ್ನು ಆದಷ್ಟು ಕಡಿಮೆ ನುಂಗುವ ಎಳೆ.

ದಾಂಡೇಲಿಯ ಕಾಡು ಬೇಸಿಗೆಯಲ್ಲಿ ಎಲೆ ಉದುರಿಸಿದಾಗ ಮತ್ತಿಯ ರೆಂಬೆಗಳತ್ತ ಕಣ್ಣು ಹಾಯಿಸಬೇಕು. ಸಣ್ಣ ಕೋಳಿಮೊಟ್ಟೆಯಂಥ ಬೂದುಗೂಡು ಸಿಕ್ಕರೆ ಅದು ಟಸರ್ ರೇಷ್ಮೆಹುಳುವಿನದು. ಹುಳು ರೆಂಬೆಯ ಸುತ್ತ ರೇಷ್ಮೆಯ ಉಂಗುರ ಹಾಕಿ, ಅದರಿಂದ ಗಟ್ಟಿ ತೊಟ್ಟು ಇಳಿಸಿ, ಅದರ ತುದಿಗೆ ಗೂಡು ಕಟ್ಟುತ್ತದೆ. ಎಳೆಗಳನ್ನು ಅಂಟು ಬೆಸೆದಿರುವುದರಿಂದ ತೊಟ್ಟು ಕಂದು ಬಣ್ಣದ ಗಡಸು ಕಡ್ಡಿಯಾಗಿರುತ್ತದೆ. ಉಗುರಿನಿಂದ ಕೆರೆದರೂ ಉಂಗುರ ಸಡಿಲವಾಗುವುದಿಲ್ಲ. ಎಲೆಗೆ ಅಂಟಿಕೊಂಡಿದ್ದರೆ ಎಲೆಯ ಜೊತೆ ಗೂಡೂ ನೆಲಕ್ಕೆ ಬೀಳುತ್ತಿತ್ತು. ರೆಂಬೆಗೆ ತೊಡಿಸಿದ ಉಂಗುರ ಒಳಗಿನ ಕೋಶವನ್ನು ಮುಂದಿನ ಮಳೆಯವರೆಗೆ ಮೇಲೆಯೇ ಉಳಿಸುತ್ತದೆ.

ಅದೇ ಕಾಡಿನ ಅಂಚಿನ ಎಡಮುರಿ ಗಿಡದ ಕಾಯಿ ಹುರಿ ಹೊಸೆದಂತೆಯೇ ಇರುತ್ತದೆ. ತೊಗಟೆಯ ನಾರಿನಿಂದ ಹಗ್ಗವನ್ನೂ ಹೊಸೆಯುತ್ತಾರೆ. ನಾರಿನ ಹಗ್ಗ ನೀರು ಕುಡಿದರೆ ಎಳೆಗಳು ದಪ್ಪವಾಗುತ್ತವೆ, ಹುರಿ ಬಿಗಿಯುತ್ತದೆ, ಉದ್ದ ಕುಗ್ಗುತ್ತದೆ. ನೆನೆದ ಹಗ್ಗದ ಗಂಟು ಬಿಚ್ಚಲು ಹೆಣಗಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಳಿಯಾಳ, ಮುಂಡಗೋಡದ ಗದ್ದೆಬಯಲಿನಲ್ಲಿ ಮಳೆಗಾಲ ಗೀಜಗನ ಕಾಲ. ಗಂಡು ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಹಿಡಿದು ಹಾರುತ್ತದೆ. ಹಾರಿದ ರಭಸಕ್ಕೆ ಎಲೆ ಉದ್ದಕ್ಕೂ ಸೀಳಿ ಹಸಿರು ಪಟ್ಟಿ ಕಿತ್ತುಬರುತ್ತದೆ. ಹಸಿಯಿದ್ದಾಗ ಬಾಗುವ ಪಟ್ಟಿಯನ್ನೇ ಕೊಂಬೆಗೆ ಸುತ್ತಿ ಗಂಟುಹಾಕುತ್ತದೆ. ಒಣಗಿದ ಪಟ್ಟಿ ಹಾಗೆ ಬಾಗದು. ಗೂಡಿನ ಒಳಗೋಡೆಗೆ ಹಸಿಮಣ್ಣೂ ಮೆತ್ತುತ್ತದೆ. ಗಾಳಿಗೆ ಗೂಡು ತೂರಾಡದಿರಲು ಈ ಭಾರ ಎಂಬುದು ಅದಕ್ಕೆ ಕೊಡುವ ವಿವರಣೆಗಳಲ್ಲೊಂದು.

ಕಾಡಿನ ಎಳೆಗಳೆಲ್ಲ ಹವೆಯ ಜೊತೆ ಹಿಗ್ಗಿ ಕುಗ್ಗಿ ಬಾಳುತ್ತವೆ. ಗಡಿಯಾರ ಅದನ್ನು ಸಹಿಸದು. ಅದಕ್ಕೇ 19ನೇ ಶತಮಾನದಲ್ಲಿ ಫ್ರೆಂಚ್ ಗಡಿಯಾರಗಳೂ ರೇಷ್ಮೆ ಬಿಟ್ಟು ತೆಳು ಉಕ್ಕಿನ ಪಟ್ಟಿಗೆ ಹೊರಳಿದವು. ಉಕ್ಕು ತೇವ ಕುಡಿಯುವುದಿಲ್ಲ, ಆದರೆ ಕಾವಿಗೆ ಹಿಗ್ಗುತ್ತದೆ: ಉಕ್ಕಿನ ಲೋಲಕಕ್ಕೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ದಿನಕ್ಕೆ ಸುಮಾರು 5 ಸೆಕೆಂಡು ನಷ್ಟ. ಆ ಹಿಗ್ಗನ್ನು ಬಹುಪಾಲು ತಡೆದ ಇನ್ವಾರ್ ಎಂಬ ಮಿಶ್ರಲೋಹಕ್ಕಾಗಿ ಚಾರ್ಲ್ಸ್ ಎಡ್ವರ್ಡ್ ಗಿಯೋಮ್ ಅವರಿಗೆ 1920ರ ನೊಬೆಲ್ ಬಂತು.

ರೇಷ್ಮೆ ಎಳೆಯ ಹಳೇ ಗಡಿಯಾರ ಮನೆಯಲ್ಲಿದ್ದರೆ ಉಕ್ಕು ತೊಡಿಸುವ ಅಗತ್ಯವಿಲ್ಲ. ಹೊಸ ರೇಷ್ಮೆಗೆ ಲೋಲಕದಷ್ಟೇ ಭಾರ ಕಟ್ಟಿ ಕೆಲವು ದಿನ ಇಳಿಬಿಟ್ಟು, ಹಿಗ್ಗುವಷ್ಟು ಹಿಗ್ಗಲು ಬಿಡಬೇಕು, ಆಮೇಲೆ ಏರಿಸಬೇಕು. ಜೋಯಿಡಾದಂಥ ಊರಿನಲ್ಲಾದರೆ ಮುಂಗಾರು ಹಿಡಿದಾಗಲೊಮ್ಮೆ, ಮಳೆ ಬಿಟ್ಟಾಗಲೊಮ್ಮೆ ಆ ಪುಟ್ಟ ಕಡ್ಡಿ ತಿರುಗಿಸಿಕೊಂಡರೆ ಗಡಿಯಾರ ಹೊತ್ತು ತಪ್ಪದು.