ಹಳೆಯ ಕ್ಲಾರಿನೆಟ್ಟನ್ನು ಕೊಳ್ಳುವವರಿಗೆ

ಕ್ರಿ.ಶ. 1700ರ ಸುಮಾರಿನಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಡೆನ್ನರ್ ಎಂಬ ಶಿಲ್ಪಿಯ ಕೈಯಲ್ಲಿ ರೂಪುಗೊಂಡ ಕ್ಲಾರಿನೆಟ್ ವಾದ್ಯವು ಈಗ ನಮ್ಮ ಸಂಗೀತಕ್ಕೆ ಪರಕೀಯವಲ್ಲ. ಎ. ಕೆ. ಸಿ. ನಟರಾಜನ್ನರು ಇದರಿಂದಲೇ 2008ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದಿಗೆ ಪಾತ್ರರಾದರು. ರಾಯಚೂರಿನ ನರಸಿಂಹಲು ವಡವಾಟಿಯವರು ಇದರಲ್ಲಿ ಹಿಂದೂಸ್ಥಾನೀ ರಾಗಗಳನ್ನು ನುಡಿಸಿ ಖ್ಯಾತರಾದರು. ಆದ್ದರಿಂದ ಮಕ್ಕಳಿಗೆ ಕಲಿಸಬೇಕೆಂಬ ಆಸೆ ಸಹಜವೇ. ಹೊಸದರ ಬೆಲೆಗೆ ಅಂಜಿ ಹಳೆಯದನ್ನು ಅರಸುವ ಗೃಹಸ್ಥರಿಗೆ, ಹರಿಹರಪುರದ ತುಂಗಾತೀರದಲ್ಲಿರುವ ನಾವು ಏಮಾರಿ ಕಲಿತುದನ್ನು ಹೇಳಬಯಸುತ್ತೇವೆ.

ನಿವೃತ್ತರಾದ ವರ್ಷ ಮೊಮ್ಮಗನಿಗಾಗಿ ಒಂದು ಹಳೆಯ ವಾದ್ಯವನ್ನು ತಂದೆವು. ಅದರ ಕೀಲಿಗಳ ಹೊಳಪಿಗೇ ಮನಸೋತಿದ್ದೆವು. ಮನೆಯ ಹಾರ್ಮೋನಿಯಮ್ಮಿನೊಡನೆ ಊದಿಸಿದರೆ ಶ್ರುತಿಯು ಸೇರಲೇ ಇಲ್ಲ! ಮರದ ಮೇಲೆ ‘ಎಚ್. ಪಿ.’ ಎಂದು ಕೊರೆದಿತ್ತು. ಅದು ಹಿಂದಿನ ಕಾಲದ ಸೈನ್ಯದ ಬ್ಯಾಂಡುಗಳ ಉಚ್ಚಶ್ರುತಿಯ ಗುರುತು; ಈಗ ರೂಢಿಯಲ್ಲಿರುವುದು ಸೆಕೆಂಡಿಗೆ 440 ಕಂಪನಗಳ ಶ್ರುತಿ, ಅದು ಸುಮಾರು 452ರದು. ಸಂದನ್ನು ತುಸು ಹೊರಕ್ಕೆಳೆದರೆ ಶ್ರುತಿ ಇಳಿಯುವುದು ನಿಜ. ಆದರೆ ಎಲ್ಲ ಸ್ವರಗಳೂ ಸಮನಾಗಿ ಇಳಿಯವು. ಜೀವಮಾನವೆಲ್ಲ ಅಕ್ಷರ ಕಲಿಸಿದ ನಾವು ಆ ಎರಡು ಅಕ್ಷರಗಳನ್ನು ಓದದೆ ಹೋದೆವು.

ಕೊಳ್ಳುವ ಮುನ್ನ ಮೇಲಿನ ತುಂಡನ್ನು ಬಿಡಿಸಿ, ಮರದಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡತಕ್ಕದ್ದು. ಬಳಿಕ ರಂಧ್ರಗಳನ್ನು ಬೆರಳುಗಳಿಂದಲೂ ಕೆಳತುದಿಯನ್ನು ಅಂಗೈಯಿಂದಲೂ ಮುಚ್ಚಿ ಗಾಳಿಯನ್ನು ಹೀರಬೇಕು. ಹಿಡಿತವು ಒಂದೆರಡು ಕ್ಷಣ ನಿಲ್ಲದಿದ್ದರೆ ಎಲ್ಲಿಯೋ ಸೋರಿಕೆಯಿದೆ. ಪ್ಯಾಡುಗಳೆಂಬ ಮೆತ್ತೆಗಳು ಸವೆದಿದ್ದರೆ ಬದಲಿಸಬಹುದು. ಬಿರುಕಾದರೋ ಹಾಗಲ್ಲ. ಎಳೆಯ ಮಕ್ಕಳಿಗೆ, ವಿಶೇಷವಾಗಿ ನಮ್ಮ ಮಲೆನಾಡಿನಲ್ಲಿ, ಪ್ಲಾಸ್ಟಿಕ್ಕಿನದೇ ಲೇಸೆಂಬುದು ನಮ್ಮ ಮತ.

ಊದಿದ ಬಳಿಕ ತುಂಡುಗಳನ್ನು ಬಿಡಿಸಿ, ದಾರ ಕಟ್ಟಿದ ಮೆತ್ತನೆಯ ಬಟ್ಟೆಯನ್ನು ಒಳಗಿನಿಂದ ಎಳೆದು ತೇವವನ್ನು ಒರಸಬೇಕು. ರೀಡನ್ನು ಗಾಜಿನ ಮೇಲೆ ಚಪ್ಪಟೆಯಾಗಿ ಒಣಗಿಸಬೇಕು. ಆಷಾಢದ ಮಳೆಯಲ್ಲಿ ಮರ ಉಬ್ಬಿ ಸಂದುಗಳು ಬಿಗಿಯುವುವು. ಆಗ ಬಲಪ್ರಯೋಗ ಸಲ್ಲದು. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟಕ್ಕೇರಿಸುವುದು ಇನ್ನೂ ಕೆಟ್ಟದ್ದು. ಹಲಸಿನ ಹಪ್ಪಳಕ್ಕೆ ಹಿತವಾದ ಶಾಖವು ಈ ಮರವನ್ನು ಸೀಳುವುದು. ಬಹುಕಾಲ ಊದದೆ ಬಿದ್ದಿದ್ದ ವಾದ್ಯವನ್ನು ಮೊದಲ ಕೆಲವು ವಾರ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಊದಬಾರದು.

ಮೊಮ್ಮಗನು ಈಗ ಬೇರೊಂದನ್ನು ನುಡಿಸುತ್ತಾನೆ. ಎಚ್. ಪಿ. ವಾದ್ಯವು ನಮ್ಮ ಬೀರುವಿನಲ್ಲಿದೆ. ಹಾರ್ಮೋನಿಯಮ್ಮಿನ ಹಂಗಿಲ್ಲದೆ ಅವನು ಸಂಜೆ ಒಬ್ಬನೇ ಅದನ್ನು ಊದಿದಾಗ ಧ್ವನಿಯು ಬಹಳ ಇಂಪಾಗಿಯೇ ಇರುತ್ತದೆ.